ಟೆಸ್ಟರ್ ಉರಿಯಲಿಲ್ಲ, ಆದರೂ ಶಾಕ್ ಹೊಡೆಯಿತು. ಎಲ್ಲಿ ತಪ್ಪಿದೆ?

ಬಾಡಿಗೆಮನೆ_ಕುವೆಂಪುನಗರ:
ಎಲ್ಲರಿಗೂ ನಮಸ್ಕಾರ. ನಿನ್ನೆ ಮಧ್ಯಾಹ್ನ ನನಗೆ ಜೋರಾಗಿ ಶಾಕ್ ಹೊಡೆಯಿತು. ಈಗ ಪರವಾಗಿಲ್ಲ, ಆದರೆ ಬಲಗೈ ಇನ್ನೂ ಜೋಮು ಹಿಡಿದ ಹಾಗೆ ಇದೆ. ಹೇಗಾಯಿತು ಅಂತ ಎಷ್ಟು ಯೋಚಿಸಿದರೂ ಅರ್ಥವಾಗುತ್ತಿಲ್ಲ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಹಾಲ್‌ನ ಫ್ಯಾನ್ ರೆಗ್ಯುಲೇಟರ್ ಕೆಟ್ಟಿತ್ತು. ಹೊಸದು ತಂದು ನಾನೇ ಹಾಕೋಣ ಅಂತ ಹೊರಟೆ. 'ಹಾಲ್' ಅಂತ ಬರೆದಿದ್ದ ಎಂಸಿಬಿ, ಅಂದರೆ ಆ ಲೈನ್ ಕಡಿಯುವ ಸ್ವಿಚ್, ಇಳಿಸಿದೆ. ಆಮೇಲೆ ಅದೇ ಬೋರ್ಡಿನ ಸಾಕೆಟ್‌ಗೆ ಟೆಸ್ಟರ್ ಇಟ್ಟು ನೋಡಿದೆ. ಎರಡೂ ತೂತಿನಲ್ಲಿ ಉರಿಯಲಿಲ್ಲ. ಸರಿ, ಕರೆಂಟ್ ಇಲ್ಲ ಅಂತ ಬೋರ್ಡ್ ಬಿಚ್ಚಿ ರೆಗ್ಯುಲೇಟರ್ ವೈರ್ ಹಿಡಿದೆ. ಹಿಡಿದ ತಕ್ಷಣ ಹೊಡೆಯಿತು, ಕೆಳಗೆ ಬಿದ್ದೆ. ಹಳೇ ಮನೆ, ಬೋರ್ಡ್ ಎತ್ತರದಲ್ಲಿದೆ, ಪ್ಲಾಸ್ಟಿಕ್ ಕುರ್ಚಿ ಮೇಲೆ ನಿಂತಿದ್ದೆ. ಕಾಲಲ್ಲಿ ರಬ್ಬರ್ ಚಪ್ಪಲಿಯೂ ಇತ್ತು.

40 ರೂಪಾಯಿ ಟೆಸ್ಟರ್. ಅದು ಕೆಟ್ಟಿದೆಯಾ? ಇಲ್ಲ ನಾನೇ ಸರಿಯಾಗಿ ನೋಡಲಿಲ್ಲವಾ?

ಕಬ್ಬಿನಗದ್ದೆ:
ಮೊದಲು ಡಾಕ್ಟರ್ ಹತ್ತಿರ ಹೋಗಿ ಅಣ್ಣ. ಜೋಮು ಇದೆ ಅಂತೀರಿ. ಒಂದು ಇಸಿಜಿ ಮಾಡಿಸಿಬಿಡಿ. ಟೆಸ್ಟರ್ ವಿಷಯ ಆಮೇಲೆ ನೋಡೋಣ.

ವೈರ್‌ಮನ್_ಮಂಡ್ಯ:
ಕುರ್ಚಿ ಮೇಲೆ ನಿಂತು ಟೆಸ್ಟ್ ಮಾಡಿದ್ದೇ ತಪ್ಪು. ಟೆಸ್ಟರ್ ಉರಿಯಬೇಕು ಅಂದರೆ ಕರೆಂಟ್ ನಮ್ಮ ಮೈ ಮೂಲಕ ನೆಲಕ್ಕೆ ಹೋಗಬೇಕು. ಪ್ಲಾಸ್ಟಿಕ್ ಕುರ್ಚಿ, ಮೇಲೆ ರಬ್ಬರ್ ಚಪ್ಪಲಿ. ಎಲ್ಲಿಂದ ಹೋಗುತ್ತದೆ? ಮಂಕಾಗಿ ಉರಿದಿರುತ್ತದೆ, ಮಧ್ಯಾಹ್ನದ ಬೆಳಕಿನಲ್ಲಿ ನಿಮಗೆ ಕಂಡಿಲ್ಲ. 35 ವರ್ಷದಿಂದ ವೈರಿಂಗ್ ಮಾಡುತ್ತಿದ್ದೇನೆ, ಇದೇ ತಪ್ಪನ್ನು ಎಷ್ಟು ಜನ ಮಾಡಿದ್ದನ್ನು ನೋಡಿದ್ದೇನೋ.

ಮೀಟರ್_ಮನುಷ್ಯ:
ಈ ಕಾಲದಲ್ಲೂ 40 ರೂಪಾಯಿ ಟೆಸ್ಟರ್ ಯಾಕೆ ಬಳಸುತ್ತೀರಿ? ವೈರ್ ಮುಟ್ಟದೆಯೇ ಬೀಪ್ ಅನ್ನುವ ಪೆನ್ ಟೆಸ್ಟರ್ ಬಂದಿದೆ. ಹತ್ತಿರ ಹಿಡಿದರೆ ಸಾಕು, ಕೂಗುತ್ತದೆ. ನಾನು ಬೇರೆ ಏನೂ ಇಟ್ಟುಕೊಂಡಿಲ್ಲ.

ಐಟಿಐ_ಮೇಷ್ಟ್ರು:
ಅವಸರ ಬೇಡ. ಎಲ್ಲರೂ ಉತ್ತರ ಹೇಳುವ ಮೊದಲು ಒಂದು ವಿಷಯ ಕೇಳಿ ತಿಳಿಯೋಣ. ಕುವೆಂಪುನಗರದವರೇ, ಟೆಸ್ಟರ್ ಇಟ್ಟಿದ್ದು ಸಾಕೆಟ್‌ಗೆ. ಶಾಕ್ ಹೊಡೆದಿದ್ದು ರೆಗ್ಯುಲೇಟರ್ ವೈರ್‌ನಿಂದ. ಎರಡೂ ಒಂದೇ ಲೈನ್ ಅಂತ ಹೇಗೆ ಗೊತ್ತು? ಮನೆಯಲ್ಲಿ ಇನ್ವರ್ಟರ್ ಇದೆಯಾ? ಇನ್ನೊಂದು ಮಾತು, ಶಾಕ್ ಹೊಡೆದಾಗ ನಿಮ್ಮ ಎಡಗೈ ಎಲ್ಲಿತ್ತು?

ಬಾಡಿಗೆಮನೆ_ಕುವೆಂಪುನಗರ:
ಮೇಷ್ಟ್ರೇ, ಇನ್ವರ್ಟರ್ ಇದೆ. ಮನೆ ಓನರ್ ಕಾಲದಿಂದಲೂ ಇದೆ, ಹಾಲ್‌ನ ಫ್ಯಾನ್ ಮತ್ತು ಒಂದು ಟ್ಯೂಬ್‌ಲೈಟ್ ಅದರಲ್ಲೇ ಓಡುತ್ತವೆ. ಎಡಗೈಯಲ್ಲಿ ಗೋಡೆಯೊಳಗಿನ ಕಬ್ಬಿಣದ ಬಾಕ್ಸ್ ಅಂಚು ಹಿಡಿದಿದ್ದೆ, ಕುರ್ಚಿ ಅಲುಗಾಡುತ್ತಿತ್ತು ಅಂತ.

ಐಟಿಐ_ಮೇಷ್ಟ್ರು:
ಹಾಗಾದರೆ ನಿಮ್ಮ ಟೆಸ್ಟರ್ ಸುಳ್ಳು ಹೇಳಿಲ್ಲ. ಸಾಕೆಟ್‌ನಲ್ಲಿ ನಿಜವಾಗಿಯೂ ಕರೆಂಟ್ ಇರಲಿಲ್ಲ. ನೀವು ಇಳಿಸಿದ ಎಂಸಿಬಿ ಸಾಕೆಟ್‌ನದು. ಫ್ಯಾನ್‌ಗೆ ಬರುವ ಫೇಸ್, ಅಂದರೆ ಕರೆಂಟ್ ತರುವ ಲೈನ್, ಇನ್ವರ್ಟರ್‌ನಿಂದ ಬೇರೆ ವೈರ್‌ನಲ್ಲಿ ಅದೇ ಬೋರ್ಡಿಗೆ ಬಂದಿದೆ. ಒಂದೇ ಬೋರ್ಡ್, ಆದರೆ ಒಳಗೆ ಎರಡು ಫೇಸ್. ಇನ್ವರ್ಟರ್ ಹಾಕಿಸಿದ ಹಳೇ ಮನೆಗಳಲ್ಲಿ ಇದು ತೀರಾ ಸಾಮಾನ್ಯ. ಇನ್ನೊಂದು ಗಮನಿಸಿ. ನೀವು ಮೀಟರ್ ಹತ್ತಿರದ ಮೇನ್ ಇಳಿಸಿದ್ದರೂ ಸಾಲುತ್ತಿರಲಿಲ್ಲ. ಮೇನ್ ಇಳಿಸಿದರೆ ಕರೆಂಟ್ ಹೋಯಿತು ಅಂತ ಇನ್ವರ್ಟರ್ ತಿಳಿದುಕೊಳ್ಳುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಬ್ಯಾಟರಿಯಿಂದ 230 ವೋಲ್ಟ್ ಕೊಡಲು ಶುರು ಮಾಡುತ್ತದೆ. ಅದರ ಕೆಲಸವೇ ಅದು. ಇನ್ವರ್ಟರ್ ಸ್ವಿಚ್ಚನ್ನೂ ಆಫ್ ಮಾಡಬೇಕು. ಕೆಲವದರಲ್ಲಿ ಬೈಪಾಸ್ ಸ್ವಿಚ್ ಬೇರೆ ಇರುತ್ತದೆ, ಇನ್ವರ್ಟರ್ ಆಫ್ ಇದ್ದರೂ ಮೇನ್ ಕರೆಂಟನ್ನು ನೇರ ಹಾಯಿಸುತ್ತದೆ. ಅದಕ್ಕೇ ಮೇನ್ ಮತ್ತು ಇನ್ವರ್ಟರ್ ಎರಡೂ ಆಫ್ ಆಗಿರಬೇಕು.

ಇನ್ನು ಪ್ಲಾಸ್ಟಿಕ್ ಕುರ್ಚಿ ಇದ್ದರೂ ಹೇಗೆ ಹೊಡೆಯಿತು ಅಂದರೆ, ಅದಕ್ಕೆ ಉತ್ತರ ನಿಮ್ಮ ಎಡಗೈ. ಆ ಬಾಕ್ಸ್ ಅರ್ತ್ ಆಗಿದೆ, ಅಂದರೆ ನೆಲಕ್ಕೆ ಜೋಡಿಸಿದೆ. ಬಲಗೈಯಿಂದ ಬಂದ ಕರೆಂಟ್ ಎದೆ ದಾಟಿ ಎಡಗೈಯಿಂದ ಬಾಕ್ಸ್‌ಗೆ ಹೋಗಿದೆ. ಕಾಲಿನ ಕೆಳಗೆ ಏನಿತ್ತು ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ಶಾಕ್‌ಗಳಲ್ಲಿ ಕೆಟ್ಟ ದಾರಿ ಇದು, ಹೃದಯ ಮಧ್ಯದಲ್ಲಿದೆ. ಬಿದ್ದಿರಲ್ಲ, ಅದೇ ನಿಮ್ಮನ್ನು ಬಿಡಿಸಿತು. ಕಬ್ಬಿನಗದ್ದೆಯವರು ಹೇಳಿದ ಹಾಗೆ ಇವತ್ತೇ ಇಸಿಜಿ ಮಾಡಿಸಿ.

ವೈರ್‌ಮನ್_ಮಂಡ್ಯ:
ಮೇಷ್ಟ್ರು ಹೇಳಿದ್ದು ಸರಿ, ಇನ್ವರ್ಟರ್ ನನಗೆ ಹೊಳೆಯಲಿಲ್ಲ. ಆದರೆ ಕುರ್ಚಿ ಮಾತನ್ನು ನಾನು ಬಿಡುವುದಿಲ್ಲ. ರೆಗ್ಯುಲೇಟರ್ ವೈರ್‌ಗೇ ಟೆಸ್ಟರ್ ಇಟ್ಟಿದ್ದರೂ ಆ ಕುರ್ಚಿ ಮೇಲೆ ನಿಂತು ಇವರಿಗೆ ಬೆಳಕು ಸರಿಯಾಗಿ ಕಾಣುತ್ತಿರಲಿಲ್ಲ.

ಐಟಿಐ_ಮೇಷ್ಟ್ರು:
ಅದು ನಿಜ. ಒಪ್ಪಿದೆ.

ಒಂಟಿಕೊಪ್ಪಲ್_ತಾತ:
ನಮ್ಮ ಕಾಲದಲ್ಲಿ ಟೆಸ್ಟರ್ ಇಲ್ಲದಿದ್ದರೆ ಬೆರಳಿನ ಹಿಂಬದಿ ತಾಗಿಸಿ ನೋಡುತ್ತಿದ್ದೆವು. ಕರೆಂಟ್ ಇದ್ದರೆ ಕೈ ತಾನಾಗಿಯೇ ಹಿಂದಕ್ಕೆ ಬರುತ್ತದೆ, ಹಿಡಿದುಕೊಳ್ಳುವುದಿಲ್ಲ.

ವೈರ್‌ಮನ್_ಮಂಡ್ಯ:
ತಾತ, ದಯವಿಟ್ಟು ಇದನ್ನು ಇಲ್ಲಿ ಬರೆಯಬೇಡಿ. ಓದಿದ ಹುಡುಗರು ಮಾಡಿಬಿಡುತ್ತಾರೆ. ಕೈ ಒದ್ದೆ ಇದ್ದರೆ, ಕಾಲು ತೇವದ ನೆಲದ ಮೇಲಿದ್ದರೆ ಹಿಂಬದಿಯಾದರೇನು, ಮುಂಬದಿಯಾದರೇನು. ನನ್ನ ಜೊತೆ ಕೆಲಸ ಕಲಿತ ಒಬ್ಬ ಹೀಗೇ ತಾಗಿಸಲು ಹೋಗಿ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡ. ಶಾಕ್ ಸಣ್ಣದೇ, ಬಿದ್ದದ್ದು ದೊಡ್ಡದು. ಇವತ್ತಿಗೂ ಬಗ್ಗಿ ಕೆಲಸ ಮಾಡಲು ಆಗುವುದಿಲ್ಲ ಅವನಿಗೆ.

ಒಂಟಿಕೊಪ್ಪಲ್_ತಾತ:
ಸರಿಯಪ್ಪ, ಮಾಡುತ್ತಿದ್ದೆವು ಅಂದೆ ಅಷ್ಟೆ. ಮಾಡಿ ಅಂತ ಹೇಳುವುದಿಲ್ಲ. ನನ್ನ ಮಾತು ಹಿಂದಕ್ಕೆ ತೆಗೆದುಕೊಂಡೆ.

ಶ್ರೀರಂಗಪಟ್ಟಣದ_ಅಮ್ಮ:
ಟೆಸ್ಟರ್ ಹಿಡಿದಾಗ ಕರೆಂಟ್ ನಮ್ಮ ಮೈಯಲ್ಲೇ ಹೋಗುತ್ತದೆ ಅಂತೀರಿ. ಹಾಗಾದರೆ ನಮಗೆ ಶಾಕ್ ಯಾಕೆ ಹೊಡೆಯುವುದಿಲ್ಲ? ನನ್ನ ಮಗ ಎಂಟನೇ ಕ್ಲಾಸ್, ಟೆಸ್ಟರ್ ಬಿಚ್ಚಿ ಮತ್ತೆ ಜೋಡಿಸುತ್ತಿರುತ್ತಾನೆ. ಏನೂ ಆಗುವುದಿಲ್ಲ ಅಲ್ವಾ?

ಐಟಿಐ_ಮೇಷ್ಟ್ರು:
ಅಮ್ಮಾ, ಆ ಟೆಸ್ಟರನ್ನು ಈಗಲೇ ಎತ್ತಿಡಿ. ಯಾರೂ ಮುಟ್ಟಬಾರದು. ಯಾಕೆ ಅಂತ ಹೇಳುತ್ತೇನೆ.

ಟೆಸ್ಟರ್ ಒಳಗೆ ಇರುವುದು ಐದೇ ಸಾಮಾನು. ತುದಿಯ ಕಬ್ಬಿಣದ ಕಡ್ಡಿ, ಅದರ ಹಿಂದೆ ಪೆನ್ಸಿಲ್ ಚೂರಿನಂಥ ಒಂದು ರೆಸಿಸ್ಟರ್, ಆಮೇಲೆ ಸಣ್ಣ ನಿಯಾನ್ ಬಲ್ಬ್, ಕೊನೆಗೆ ಸ್ಪ್ರಿಂಗ್ ಮತ್ತು ನಾವು ಬೆರಳಿಡುವ ಲೋಹದ ಮುಚ್ಚಳ. ನಮ್ಮ ಜೀವ ಉಳಿಸುವುದು ಆ ರೆಸಿಸ್ಟರ್. ಅದು ಸಾಮಾನ್ಯವಾಗಿ ಸುಮಾರು 10 ಲಕ್ಷ ಓಮ್ ಇರುತ್ತದೆ. 230 ವೋಲ್ಟನ್ನು 10 ಲಕ್ಷದಿಂದ ಭಾಗಿಸಿ. ಮೈಯಲ್ಲಿ ಹೋಗುವ ಕರೆಂಟ್ ಒಂದು ಮಿಲಿಆಂಪಿಯರ್‌ನ ಕಾಲು ಭಾಗವೂ ಇಲ್ಲ. ಸುಮಾರು 1 ಮಿಲಿಆಂಪಿಯರ್ ದಾಟಿದರೆ ಮಾತ್ರ ಜುಮ್ ಅನ್ನುತ್ತದೆ. 10ರ ಹತ್ತಿರ ಹೋದರೆ ಹಿಡಿದ ಕೈ ಬಿಡಿಸಿಕೊಳ್ಳಲು ಆಗುವುದಿಲ್ಲ. ಅದಕ್ಕಿಂತ ಜಾಸ್ತಿಯಾದರೆ ಉಸಿರು, ಹೃದಯ.

ಈಗ ನಿಮ್ಮ ಮಗ ಬಿಚ್ಚಿ ಜೋಡಿಸುವಾಗ ಆ ರೆಸಿಸ್ಟರ್ ಕಳೆದುಹೋಗಿ, ಅದರ ಜಾಗಕ್ಕೆ ಸ್ಪ್ರಿಂಗನ್ನೋ ತಂತಿ ಚೂರನ್ನೋ ತುರುಕಿದ್ದಾನೆ ಅಂದುಕೊಳ್ಳಿ. ಹೊರಗಿನಿಂದ ಟೆಸ್ಟರ್ ಅದೇ ಥರ ಕಾಣುತ್ತದೆ. ಮುಂದಿನ ಸಲ ಸಾಕೆಟ್‌ಗೆ ಇಟ್ಟವರ ಬೆರಳಿಗೆ ಜೀವಕ್ಕೇ ಅಪಾಯ ಆಗುವಷ್ಟು ಕರೆಂಟ್ ಬರಬಹುದು. ಮಗನನ್ನು ಬೈಯಬೇಡಿ, ಕುತೂಹಲ ಒಳ್ಳೆಯದೇ. ಆದರೆ ಬಿಚ್ಚಿದ ಟೆಸ್ಟರ್ ಆಟದ ಸಾಮಾನು, ಅಷ್ಟೆ. ಮತ್ತೆ ಕರೆಂಟ್ ಹತ್ತಿರ ಹೋಗಬಾರದು.

ಶ್ರೀರಂಗಪಟ್ಟಣದ_ಅಮ್ಮ:
ಈಗ ಬಿಚ್ಚಿ ನೋಡಿದೆ ಮೇಷ್ಟ್ರೇ. ಬಲ್ಬ್ ಇದೆ, ಸ್ಪ್ರಿಂಗ್ ಇದೆ. ನೀವು ಹೇಳಿದ ಪೆನ್ಸಿಲ್ ಚೂರು ಇಲ್ಲ. ಬೆಳ್ಳಿ ಬಣ್ಣದ ಕಾಗದ ಸುರುಳಿ ಸುತ್ತಿ ತುರುಕಿದ್ದಾನೆ. ನನ್ನ ಕೈ ನಡುಗುತ್ತಿದೆ.

ಕಬ್ಬಿನಗದ್ದೆ:
ಅಬ್ಬಾ. ದೇವರು ದೊಡ್ಡವನು ಅಕ್ಕ.

ವೈರ್‌ಮನ್_ಮಂಡ್ಯ:
ಅಮ್ಮ, ಅದನ್ನು ಕಸಕ್ಕೆ ಹಾಗೇ ಹಾಕಬೇಡಿ, ಯಾರಾದರೂ ಎತ್ತಿಕೊಂಡು ಬಳಸುತ್ತಾರೆ. ಕಲ್ಲಿನಲ್ಲಿ ಜಜ್ಜಿ ಹಾಕಿ. ಇದೇ ಥರ ಇನ್ನೊಂದು ಅಪಾಯ ಇದೆ, ನೀರು. ಟೆಸ್ಟರ್ ಮಳೆಯಲ್ಲಿ ನೆನೆದಿದ್ದರೆ, ತೊಟ್ಟಿಗೆ ಬಿದ್ದಿದ್ದರೆ, ಒಳಗೆ ತೇವ ನಿಂತು ರೆಸಿಸ್ಟರ್ ಸುತ್ತ ಬಳಸು ದಾರಿ ಸಿಕ್ಕಿಬಿಡುತ್ತದೆ. ಒಣಗಿಸಿ ಬಳಸುತ್ತೇನೆ ಅನ್ನಬೇಡಿ. 40 ರೂಪಾಯಿಗೆ ಹೊಸದು ಬರುತ್ತದೆ. ಹಿಡಿ ಸೀಳಿದ್ದರೂ ಅಷ್ಟೇ, ಕಡ್ಡಿ ಮೇಲಿನ ಪ್ಲಾಸ್ಟಿಕ್ ಕೊಳವೆ ಕಿತ್ತುಹೋಗಿದ್ದರೂ ಅಷ್ಟೇ. ಆ ಕೊಳವೆ ಇಲ್ಲದಿದ್ದರೆ ಬೋರ್ಡ್ ಒಳಗೆ ಕಡ್ಡಿ ಫೇಸ್‌ಗೂ ಬಾಕ್ಸ್‌ಗೂ ಒಟ್ಟಿಗೆ ತಾಗಿ ಮುಖಕ್ಕೇ ಕಿಡಿ ಹಾರುತ್ತದೆ. ಬೆರಳು ಜಾರಿ ಕಡ್ಡಿ ಮುಟ್ಟಿದರೆ ನೇರ ಶಾಕ್. ಮತ್ತೆ ಟೆಸ್ಟರನ್ನು ಸ್ಕ್ರೂಡ್ರೈವರ್ ಮಾಡಿಕೊಂಡು ಬಿಗಿ ಸ್ಕ್ರೂ ತಿರುಗಿಸಬೇಡಿ. ಹಿಡಿ ಸೀಳುವುದೇ ಹಾಗೆ.

ಮೀಟರ್_ಮನುಷ್ಯ:
ಅದಕ್ಕೇ ನಾನು ಹೇಳಿದ್ದು, ಮುಟ್ಟದೆ ನೋಡುವ ಪೆನ್ ತೆಗೆದುಕೊಳ್ಳಿ ಅಂತ. ಮೈಯಲ್ಲಿ ಕರೆಂಟ್ ಹಾಯಿಸುವ ತಲೆನೋವೇ ಇಲ್ಲ.

ಐಟಿಐ_ಮೇಷ್ಟ್ರು:
ಪೆನ್ ಒಳ್ಳೆಯದೇ, ನಾನೂ ಬಳಸುತ್ತೇನೆ. ಆದರೆ ಅದನ್ನೊಂದೇ ನಂಬಬೇಡಿ. ಅದು ವೈರ್ ಸುತ್ತಲಿನ ವಿದ್ಯುತ್ ಕ್ಷೇತ್ರವನ್ನು ಹಿಡಿಯುತ್ತದೆ. ವೈರ್ ಕಬ್ಬಿಣದ ಪೈಪ್ ಒಳಗಿದ್ದರೆ ಕ್ಷೇತ್ರ ಹೊರಗೆ ಬರುವುದಿಲ್ಲ, ಪೆನ್ ಸುಮ್ಮನಿರುತ್ತದೆ. ಲೋಹದ ಕವಚ ಇರುವ ಆರ್ಮರ್ಡ್ ಕೇಬಲ್ ಆದರೂ ಅಷ್ಟೇ. ನೆಲದಲ್ಲಿ ಹೂತು ಪಂಪ್‌ಸೆಟ್‌ಗೆ ಎಳೆದ ಕೇಬಲ್ ಮೇಲೆ ಪೆನ್ ಹಿಡಿದು ಕರೆಂಟ್ ಇಲ್ಲ ಅಂದುಕೊಂಡು ಕತ್ತರಿಸಲು ಹೋದವರಿದ್ದಾರೆ. ಬ್ಯಾಟರಿ ಇಳಿದರೂ ಪೆನ್ ಸುಮ್ಮನಿರುತ್ತದೆ. ಬ್ಯಾಟರಿ ಕರೆಂಟ್, ಅಂದರೆ ಡಿಸಿ ಇದ್ದರೆ ಅದಕ್ಕೆ ಗೊತ್ತಾಗುವುದೇ ಇಲ್ಲ. ಇನ್ನೊಂದು ಕಡೆ, ಪಕ್ಕದ ವೈರ್‌ನಲ್ಲಿ ಕರೆಂಟ್ ಇದ್ದರೆ ಸತ್ತ ವೈರ್ ಮೇಲೂ ಕೂಗುತ್ತದೆ. ಹತ್ತು ವೈರ್ ಇರುವ ಬೋರ್ಡಿನಲ್ಲಿ ಯಾವುದು ಅಂತ ಹೇಳಲು ಬರುವುದಿಲ್ಲ.

ಮೀಟರ್_ಮನುಷ್ಯ:
ಸರಿ, ಮಲ್ಟಿಮೀಟರ್ ಇದೆಯಲ್ಲ. ಅದರಲ್ಲಿ ಸಂಖ್ಯೆಯೇ ಬರುತ್ತದೆ. ಸಂಖ್ಯೆ ಸುಳ್ಳು ಹೇಳುವುದಿಲ್ಲ.

ನಾಲೆದಂಡೆ_ಪಾಂಡವಪುರ:
ನನ್ನ ಮಲ್ಟಿಮೀಟರ್ ಸಂಖ್ಯೆ ಸುಳ್ಳು ಹೇಳಿತ್ತು. ಸ್ವಿಚ್ ಆಫ್ ಮಾಡಿದ ವೈರ್‌ನಲ್ಲಿ 90 ವೋಲ್ಟ್ ತೋರಿಸಿತು. ಎರಡು ಗಂಟೆ ಒದ್ದಾಡಿದೆ, ಕೊನೆಗೆ ಏನೂ ಇರಲಿಲ್ಲ.

ಮೀಟರ್_ಮನುಷ್ಯ:
ಅದು ಗಾಳಿ ವೋಲ್ಟೇಜ್. ಒಂದೇ ಪೈಪ್‌ನಲ್ಲಿ ಪಕ್ಕದ ಫೇಸ್ ವೈರ್ ಇದ್ದರೆ ಅದರಿಂದ ಸೋರಿ ಬರುತ್ತದೆ. ಡಿಜಿಟಲ್ ಮೀಟರ್ ಬಹಳ ಕಡಿಮೆ ಕರೆಂಟ್ ಎಳೆಯುವುದರಿಂದ ಅಷ್ಟಕ್ಕೂ ಸಂಖ್ಯೆ ತೋರಿಸುತ್ತದೆ. ಒಂದು ಬಲ್ಬ್ ಜೋಡಿಸಿ ನೋಡಿ, ಸೊನ್ನೆಗೆ ಬರುತ್ತದೆ. ಕೆಲವು ಮನೆಗಳಲ್ಲಿ ಎಲ್‌ಇಡಿ ಬಲ್ಬ್ ಆಫ್ ಮಾಡಿದ ಮೇಲೂ ರಾತ್ರಿ ಮಂಕಾಗಿ ಉರಿಯುತ್ತದಲ್ಲ, ಅದಕ್ಕೂ ಬಹಳ ಸಲ ಇದೇ ಕಾರಣ. ಇಲ್ಲ ಅಂದರೆ ಸ್ವಿಚ್ಚನ್ನು ಫೇಸ್ ಬದಲು ನ್ಯೂಟ್ರಲ್‌ಗೆ, ಅಂದರೆ ಕರೆಂಟ್ ವಾಪಸ್ ಹೋಗುವ ವೈರ್‌ಗೆ, ಹಾಕಿರುತ್ತಾರೆ.

ವೈರ್‌ಮನ್_ಮಂಡ್ಯ:
ನ್ಯೂಟ್ರಲ್‌ಗೆ ಸ್ವಿಚ್ ಹಾಕಿದ್ದರೆ ಅದು ಸುಮ್ನೆ ಬಿಡುವ ವಿಷಯ ಅಲ್ಲ. ಸ್ವಿಚ್ ಆಫ್ ಮಾಡಿದರೂ ಹೋಲ್ಡರ್‌ನಲ್ಲಿ ಫೇಸ್ ಇರುತ್ತದೆ. ಬಲ್ಬ್ ಬದಲಿಸುವವರಿಗೆ ಹೊಡೆಯುತ್ತದೆ. ಸರಿ ಮಾಡಿಸಿಕೊಳ್ಳಿ.

ಮಲ್ಟಿಮೀಟರ್ ವಿಷಯಕ್ಕೆ ನನ್ನದೊಂದು ಮಾತು. ಮನೆಯವರು ಅದರಲ್ಲಿ ಮಾಡುವ ದೊಡ್ಡ ತಪ್ಪು, ಕೆಂಪು ವೈರನ್ನು 10 ಆಂಪ್ ತೂತಿನಲ್ಲಿ ಬಿಟ್ಟು ಸಾಕೆಟ್‌ಗೆ ಇಡುವುದು. ಫೇಸ್ ಮತ್ತು ನ್ಯೂಟ್ರಲ್ ನೇರ ಶಾರ್ಟ್. ಮೀಟರ್ ಕೈಯಲ್ಲೇ ಸಿಡಿಯುತ್ತದೆ. ನಮಗೆ ಒಳ್ಳೆಯದು ಹಳೇ ಟೆಸ್ಟ್ ಲ್ಯಾಂಪ್. ಹೋಲ್ಡರ್, ಬಲ್ಬ್, ಎರಡು ವೈರ್. ಉರಿದರೆ ಇದೆ, ಉರಿಯದಿದ್ದರೆ ಇಲ್ಲ.

ಐಟಿಐ_ಮೇಷ್ಟ್ರು:
ಇದಕ್ಕೆ ಮಾತ್ರ ನಾನು ಒಪ್ಪುವುದಿಲ್ಲ ಅಣ್ಣ. ನಿಮ್ಮ ಕೈಗೆ ಅದು ಸರಿ, 35 ವರ್ಷದ ಕೈ. ಮನೆಯವರ ಕೈಗೆ ಬೇಡ. ಎರಡು ವೈರ್ ತುದಿ ಬರಿದಾಗಿರುತ್ತದೆ. ಒಂದನ್ನು ಫೇಸ್‌ಗೆ ಇಟ್ಟರೆ ಬಲ್ಬ್ ಮೂಲಕ ಇನ್ನೊಂದು ತುದಿಗೂ ಫೇಸ್ ಬರುತ್ತದೆ. ಆ ತುದಿ ಎಲ್ಲಿ ತಾಗುತ್ತದೋ. ಮೂರು ಫೇಸ್ ಇರುವ ಕಡೆ ಎರಡು ಫೇಸ್ ಮಧ್ಯೆ ಇಟ್ಟರೆ 400 ವೋಲ್ಟ್, ಬಲ್ಬ್ ಒಡೆದು ಗಾಜು ಮುಖಕ್ಕೆ. ಇನ್ನೂ ಒಂದು, ಉರಿಯದಿದ್ದರೆ ಇಲ್ಲ ಅಂತ ಹೇಗೆ ಹೇಳುತ್ತೀರಿ? ಬಲ್ಬೇ ಹೋಗಿದ್ದರೆ? ನ್ಯೂಟ್ರಲ್ ಕಡಿದಿದ್ದರೆ?

ವೈರ್‌ಮನ್_ಮಂಡ್ಯ:
ಮೂರು ಫೇಸ್ ಕಡೆ ನಾವು ಎರಡು ಬಲ್ಬ್ ಸೀರಿಸ್ ಹಾಕಿಕೊಳ್ಳುತ್ತೇವೆ ಮೇಷ್ಟ್ರೇ. ಬಲ್ಬ್‌ಗೆ ಜಾಲರಿಯೂ ಇದೆ. ಆದರೆ ಮನೆಯವರಿಗೆ ಬೇಡ ಅನ್ನುವುದನ್ನು ಒಪ್ಪುತ್ತೇನೆ.

ಹೂವಿನಕೇರಿ:
ನಮ್ಮ ಮನೆಯಲ್ಲಿ ಮೊನ್ನೆ ಸಂಜೆಯಿಂದ ಸಾಕೆಟ್‌ನ ಎರಡೂ ತೂತಿಗೆ ಟೆಸ್ಟರ್ ಉರಿಯುತ್ತದೆ. ಆದರೆ ಟಿವಿ ಓಡುವುದಿಲ್ಲ, ಫ್ಯಾನ್ ಓಡುವುದಿಲ್ಲ. ಎರಡು ಫೇಸ್ ಬಂದಿದೆಯಾ?

ಐಟಿಐ_ಮೇಷ್ಟ್ರು:
ಇಲ್ಲ, ನ್ಯೂಟ್ರಲ್ ಕಡಿದಿದೆ. ಆನ್ ಇರುವ ಯಾವುದೋ ಬಲ್ಬೋ ಫ್ರಿಡ್ಜೋ ಇರುತ್ತದೆ. ಅದರ ಮೂಲಕ ಫೇಸ್ ನ್ಯೂಟ್ರಲ್ ವೈರ್‌ಗೆ ಬಂದು ವಾಪಸ್ ಹೋಗಲು ದಾರಿ ಇಲ್ಲದೆ ಅಲ್ಲೇ ನಿಂತಿದೆ. ಕಪ್ಪು ವೈರ್ ತಾನೇ, ನ್ಯೂಟ್ರಲ್, ಏನೂ ಆಗುವುದಿಲ್ಲ ಅಂತ ಮುಟ್ಟಿದರೆ ಫೇಸ್ ಮುಟ್ಟಿದ ಹಾಗೇ. ಮೊದಲು ಮೇನ್ ಇಳಿಸಿ. ಪಕ್ಕದ ಮನೆಗಳಲ್ಲೂ ಹೀಗೇ ಇದೆಯಾ ಕೇಳಿ. ಬಲ್ಬ್‌ಗಳು ಕೆಲವು ಮನೆಯಲ್ಲಿ ತೀರಾ ಜೋರಾಗಿ, ಕೆಲವು ಮನೆಯಲ್ಲಿ ಮಂಕಾಗಿ ಉರಿಯುತ್ತಿದ್ದರೆ ಕಂಬದ ಕಡೆ ನ್ಯೂಟ್ರಲ್ ಹೋಗಿದೆ ಅಂತ. ಆಗ ಕೆಲವು ಮನೆಗೆ 230ಕ್ಕಿಂತ ಎಷ್ಟೋ ಜಾಸ್ತಿ ಬರುತ್ತದೆ, ಸಾಮಾನೆಲ್ಲ ಸುಡುತ್ತದೆ. ಕರೆಂಟ್ ದೂರಿನ ನಂಬರ್ 1912ಕ್ಕೆ ಫೋನ್ ಮಾಡಿ ಹೇಳಿ.

ಹೂವಿನಕೇರಿ:
ಪಕ್ಕದ ಮನೆಯಲ್ಲಿ ಸರಿಯಿದೆ. ನಮ್ಮದರಲ್ಲೇ ಇರಬೇಕು. ಮೇನ್ ಇಳಿಸಿದ್ದೇನೆ, ನಾಳೆ ಬೆಳಿಗ್ಗೆ ಎಲೆಕ್ಟ್ರಿಷಿಯನ್ ಬರುತ್ತಾರೆ. ತುಂಬಾ ಥ್ಯಾಂಕ್ಸ್ ಮೇಷ್ಟ್ರೇ.

ಕಬ್ಬಿನಗದ್ದೆ:
ಮನೆ ಮಾತಾಯಿತು. ನಮ್ಮ ಗದ್ದೆ ಮಾತೂ ಸ್ವಲ್ಪ ಹೇಳಿ. ನಮಗೆ ಮೂರು ಫೇಸ್ ಕರೆಂಟ್ ಬರುವುದೇ ರಾತ್ರಿ. ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು, ಕೆಸರು ಕಾಲಲ್ಲಿ ಸ್ಟಾರ್ಟರ್ ಬಾಕ್ಸ್ ತೆಗೆದು ಟೆಸ್ಟರ್ ಇಡುತ್ತೇವೆ. ಮೂರರಲ್ಲೂ ಉರಿಯುತ್ತದೆ. ಮೋಟಾರ್ ಮಾತ್ರ ಗುಂಯ್ ಅಂತ ಗುಡುಗಿ ನಿಲ್ಲುತ್ತದೆ. ಹೋದ ವರ್ಷ ಹೀಗೇ ಕಾಯಿಲ್ ಸುಟ್ಟು ರಿವೈಂಡಿಂಗ್‌ಗೆ ದುಡ್ಡು ಸುರಿದೆ. ಟೆಸ್ಟರ್ ಮೂರೂ ಇದೆ ಅಂದಮೇಲೆ ಮೋಟಾರ್ ಯಾಕೆ ಸುಟ್ಟಿತು?

ವೈರ್‌ಮನ್_ಮಂಡ್ಯ:
ಇದು ನಮ್ಮ ಮಂಡ್ಯ ಕಡೆ ಪ್ರತಿ ಊರಿನ ಕಥೆ. ಕೇಳಿ ಗೌಡ್ರೇ. ಒಂದು ಫೇಸಿನ ಫ್ಯೂಸ್ ಹೋಗಿದೆ ಅಂದುಕೊಳ್ಳಿ. ಮೋಟಾರ್ ಆನ್ ಇದ್ದರೆ, ಉಳಿದ ಎರಡು ಫೇಸಿನ ಕರೆಂಟ್ ಮೋಟಾರ್ ಕಾಯಿಲ್ ಒಳಗಿಂದ ಸುತ್ತಿ ಬಂದು ಹೋದ ಫೇಸಿನ ವೈರ್‌ನಲ್ಲೂ ಕಾಣಿಸಿಕೊಳ್ಳುತ್ತದೆ. ಟೆಸ್ಟರ್‌ಗೆ ನಿಯಾನ್ ಹತ್ತಲು 100 ವೋಲ್ಟ್‌ಗಿಂತ ಕಡಿಮೆ ಸಾಕು. ಅದು ಉರಿಯುತ್ತದೆ. ಎಷ್ಟು ವೋಲ್ಟ್ ಅಂತ ಹೇಳುವುದಿಲ್ಲ. ಮೂರೂ ಇದೆ ಅಂತ ನೀವು ತಿಳಿದುಕೊಳ್ಳುತ್ತೀರಿ, ಮೋಟಾರ್ ಎರಡೇ ಫೇಸಿನಲ್ಲಿ ಒದ್ದಾಡಿ ಸುಡುತ್ತದೆ. ಸ್ಟಾರ್ಟರ್ ಬೋರ್ಡಿನಲ್ಲಿ ಮೂರು ದೀಪ, ವೋಲ್ಟ್ ಮೀಟರ್ ಮತ್ತು ಒಂದು ಫೇಸ್ ಹೋದರೆ ಮೋಟಾರ್ ನಿಲ್ಲಿಸುವ ಸಿಂಗಲ್ ಫೇಸ್ ಪ್ರಿವೆಂಟರ್ ಹಾಕಿಸಿ. ಬಾಕ್ಸ್ ತೆರೆಯದೆಯೇ ಗೊತ್ತಾಗುತ್ತದೆ. ಕೆಸರು ಕಾಲಲ್ಲಿ ಟೆಸ್ಟರ್ ಬೇಡವೇ ಬೇಡ. ಒಣ ಮರದ ಹಲಗೆ ಹಾಕಿ ಅದರ ಮೇಲೆ ನಿಲ್ಲಿ. ಕೈ ಒರೆಸಿಕೊಳ್ಳಿ.

ಕಬ್ಬಿನಗದ್ದೆ:
ಹಲಗೆ ಮೇಲೆ ನಿಂತರೆ ಟೆಸ್ಟರ್ ಉರಿಯುವುದಿಲ್ಲ ಅಂತ ಮೇಲೆ ನೀವೇ ಅಂದಿರಿ?

ವೈರ್‌ಮನ್_ಮಂಡ್ಯ:
ಅಂದೆ. ಅದಕ್ಕೇ ಗದ್ದೆಯಲ್ಲಿ ಟೆಸ್ಟರ್ ನಂಬಬೇಡಿ, ಮೀಟರ್ ಮತ್ತು ದೀಪ ನಂಬಿ ಅನ್ನುತ್ತಿದ್ದೇನೆ. ನಿಮ್ಮ ಜೀವಕ್ಕೆ ಹಲಗೆ ಬೇಕು. ಟೆಸ್ಟರ್‌ಗೆ ನೆಲ ಬೇಕು. ಎರಡೂ ಒಟ್ಟಿಗೆ ಆಗುವುದಿಲ್ಲ.

ನಾಲೆದಂಡೆ_ಪಾಂಡವಪುರ:
ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಹತ್ತಿರ ಫ್ಯೂಸ್ ಹಾಕಲು ಹೋಗುವವರ ಬಗ್ಗೆಯೂ ಹೇಳಿ ಅಣ್ಣ. ನಮ್ಮೂರಲ್ಲಿ ಬಿದಿರು ಗಳ ಹಿಡಿದು ಹೋಗುತ್ತಾರೆ. ಬೆಳೆ ಒಣಗುತ್ತಿದೆ, ಲೈನ್‌ಮನ್ ಬರುವುದು ತಡ ಆಗುತ್ತದೆ ಅಂತ.

ವೈರ್‌ಮನ್_ಮಂಡ್ಯ:
ಬೇಡ. ಕಾಲಿಗೆ ಬೀಳುತ್ತೇನೆ, ಬೇಡ. ಟಿಸಿ ಮೇಲ್ಗಡೆ 11,000 ವೋಲ್ಟ್. ಟೆಸ್ಟರ್ ಹಿಡಿ ಮೇಲೆ ಏನು ಬರೆದಿದೆ ನೋಡಿ, ಸಾಮಾನ್ಯವಾಗಿ 500 ವೋಲ್ಟ್ ಅಂತ ಇರುತ್ತದೆ. 11,000 ವೋಲ್ಟ್‌ಗೆ ಮುಟ್ಟಬೇಕಾಗಿಯೂ ಇಲ್ಲ, ತೀರಾ ಹತ್ತಿರ ಹೋದರೂ ಗಾಳಿ ದಾಟಿ ಹೊಡೆಯುತ್ತದೆ. ಬಿದಿರು ಒಣಗಿದೆ ಅಂತ ಅನ್ನಿಸುತ್ತದೆ, ಒಳಗೆ ತೇವ ಇರುತ್ತದೆ. ಬೆಳೆ ಇನ್ನೊಂದು ಸಲ ಬರುತ್ತದೆ. 1912ಕ್ಕೆ ಮಾಡಿ, ಪದೇ ಪದೇ ಮಾಡಿ, ಆದರೆ ಕಂಬದ ಹತ್ತಿರ ಹೋಗಬೇಡಿ.

ಮಳವಳ್ಳಿ_ಕಡೆಯವನು:
ವಿಷಯ ಸ್ವಲ್ಪ ಆಚೆ ಹೋಗುತ್ತದೆ, ಕ್ಷಮಿಸಿ. ನಮ್ಮ ಶಿವನಸಮುದ್ರದಲ್ಲಿ 1902ರಲ್ಲೇ ಕಾವೇರಿ ನೀರಿನಿಂದ ಕರೆಂಟ್ ತೆಗೆದರು. ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಕೊಟ್ಟರು. ಬೆಂಗಳೂರಿಗೆ 1905ರಲ್ಲಿ ಹೋಯಿತು. ನೂರಿಪ್ಪತ್ತು ವರ್ಷ ಆಯಿತು. ಇಷ್ಟು ವರ್ಷದಿಂದ ಕರೆಂಟ್ ಜೊತೆ ಬದುಕುತ್ತಿರುವ ಜಿಲ್ಲೆ ನಮ್ಮದು, ಶಾಲೆಯಲ್ಲಿ ಮಕ್ಕಳಿಗೆ ಟೆಸ್ಟರ್ ಹಿಡಿಯುವುದು ಹೇಗೆ ಅಂತ ಒಂದು ದಿನ ಹೇಳಿಕೊಡಬಾರದೇ ಅನ್ನಿಸುತ್ತದೆ.

ಶ್ರೀರಂಗಪಟ್ಟಣದ_ಅಮ್ಮ:
ಹೇಳಿಕೊಡಬೇಕು. ನನ್ನ ಮಗನಿಗೆ ಇವತ್ತು ನಾನು ಹೇಳಿದೆ. ರೆಸಿಸ್ಟರ್ ಎಲ್ಲಿ ಅಂತ ಕೇಳಿದರೆ ರೇಡಿಯೋ ಮಾಡಲು ತೆಗೆದೆ ಅಂದ. ಅಪ್ಪ ಸಂಜೆ ಅದೇ ಟೆಸ್ಟರ್ ಹಿಡಿಯುವವರಿದ್ದರು ಅಂದೆ. ಅತ್ತುಬಿಟ್ಟ.

ಸೋಲಾರ್_ಚಾವಣಿ:
ಮಾಳಿಗೆ ಮೇಲೆ ಸೋಲಾರ್ ಹಾಕಿಸಿದವರು ಒಂದು ನೆನಪಿಡಿ. ಪ್ಯಾನಲ್‌ನಿಂದ ಬರುವುದು ಡಿಸಿ. ಸಾಲಾಗಿ ಜೋಡಿಸಿದರೆ ನೂರಾರು ವೋಲ್ಟ್. ಮೇನ್ ಇಳಿಸಿದರೂ ಬಿಸಿಲು ಇರುವವರೆಗೆ ಪ್ಯಾನಲ್ ವೈರ್‌ನಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ. ಬೀಪ್ ಪೆನ್ ಅಲ್ಲಿ ಏನೂ ಹೇಳುವುದಿಲ್ಲ. ಆ ವೈರ್ ನಾವು ಮುಟ್ಟುವುದಲ್ಲ, ಹಾಕಿದವರನ್ನೇ ಕರೆಯಬೇಕು.

ಬಾಡಿಗೆಮನೆ_ಕುವೆಂಪುನಗರ:
ಇಸಿಜಿ ಮಾಡಿಸಿ ಬಂದೆ. ಏನೂ ತೊಂದರೆ ಇಲ್ಲ ಅಂದರು. ಕಬ್ಬಿನಗದ್ದೆಯವರಿಗೆ ಥ್ಯಾಂಕ್ಸ್.

ಮೇಷ್ಟ್ರೇ, ಹಾಗಾದರೆ ಬೋರ್ಡ್ ಬಿಚ್ಚುವ ಮೊದಲು ನಾನು ಏನು ಮಾಡಬೇಕಿತ್ತು? ಒಂದೊಂದಾಗಿ ಹೇಳುತ್ತೀರಾ?

ಐಟಿಐ_ಮೇಷ್ಟ್ರು:
ಒಳ್ಳೆಯ ಸುದ್ದಿ. ಹೇಳುತ್ತೇನೆ.

ಮೊದಲು ಟೆಸ್ಟರನ್ನೇ ಟೆಸ್ಟ್ ಮಾಡಬೇಕು. ಕರೆಂಟ್ ಇದ್ದೇ ಇದೆ ಅಂತ ಗೊತ್ತಿರುವ ಕಡೆ, ಅಂದರೆ ಅಡುಗೆಮನೆಯಲ್ಲಿ ಮಿಕ್ಸಿ ಓಡುತ್ತಿರುವ ಸಾಕೆಟ್ ಇದ್ದರೆ, ಅಲ್ಲಿ ಇಟ್ಟು ಉರಿಯುತ್ತದೆ ಅಂತ ಕಣ್ಣಾರೆ ನೋಡಿ. ಆಮೇಲೆ ಮೇನ್, ಇನ್ವರ್ಟರ್ ಎರಡೂ ಆಫ್. ಬೋರ್ಡ್ ಮುಚ್ಚಳ ತೆಗೆದ ಮೇಲೆ, ನೀವು ಮುಟ್ಟಲಿರುವ ಒಂದೊಂದು ವೈರ್ ತುದಿಗೂ ಟೆಸ್ಟರ್ ಇಡಿ, ಸಾಕೆಟ್‌ಗಲ್ಲ. ಕೆಂಪು, ಕಪ್ಪು ಬಣ್ಣ ನೋಡಿ ನಂಬಬೇಡಿ, ಹಳೇ ಮನೆಗಳಲ್ಲಿ ಕೈಗೆ ಸಿಕ್ಕ ವೈರ್ ಎಳೆದಿರುತ್ತಾರೆ. ಎಡಗೈ ಬೆನ್ನ ಹಿಂದೆ. ಗೋಡೆ, ಬಾಕ್ಸ್, ಕಿಟಕಿ ಸರಳು ಯಾವುದನ್ನೂ ಹಿಡಿಯಬೇಡಿ. ಬೆಳಕು ಜಾಸ್ತಿ ಇದ್ದರೆ ಅಂಗೈ ಅಡ್ಡ ಹಿಡಿದು ನೋಡಿ. ಎಲ್ಲ ಕಡೆ ಉರಿಯಲಿಲ್ಲ ಅಂದಮೇಲೆ ಮತ್ತೆ ಕರೆಂಟ್ ಇರುವ ಕಡೆ ಹೋಗಿ ಟೆಸ್ಟರ್ ಇನ್ನೂ ಉರಿಯುತ್ತದೆಯೇ ನೋಡಬೇಕು. ಮಧ್ಯದಲ್ಲಿ ಅದು ಕೆಟ್ಟಿರಬಹುದು.

ಬಾಡಿಗೆಮನೆ_ಕುವೆಂಪುನಗರ:
ಮೇನ್ ಆಫ್ ಮಾಡಿದರೆ ಅಡುಗೆಮನೆಯಲ್ಲೂ ಕರೆಂಟ್ ಇರುವುದಿಲ್ಲವಲ್ಲ ಮೇಷ್ಟ್ರೇ, ಕೊನೆಗೆ ಎಲ್ಲಿ ನೋಡುವುದು?

ಐಟಿಐ_ಮೇಷ್ಟ್ರು:
ಒಳ್ಳೆಯ ಪ್ರಶ್ನೆ, ನಾನು ಬಿಟ್ಟುಬಿಟ್ಟೆ. ಪಕ್ಕದ ಮನೆ ಸಾಕೆಟ್‌ನಲ್ಲಿ ನೋಡಿ ಬನ್ನಿ. ಎರಡು ನಿಮಿಷದ ಕೆಲಸ. ಆ ಹೊತ್ತಿನಲ್ಲಿ ಮನೆಯವರು ಯಾರೂ ಮೇನ್ ಎತ್ತದ ಹಾಗೆ ಒಬ್ಬರನ್ನು ಅಲ್ಲಿ ನಿಲ್ಲಿಸಿ, ಇಲ್ಲ ಎಂಸಿಬಿ ಮೇಲೆ ಟೇಪ್ ಅಂಟಿಸಿ ಚೀಟಿ ಹಾಕಿ. ಕೆಲಸ ನಡೆಯುವಾಗ ಕರೆಂಟ್ ಹೋಯಿತು ಅಂತ ಮಕ್ಕಳು ಎಂಸಿಬಿ ಎತ್ತಿದ್ದನ್ನು ನಾನೇ ನೋಡಿದ್ದೇನೆ.

ಮೀಟರ್_ಮನುಷ್ಯ:
ಕರೆಂಟ್ ನೆಲಕ್ಕೆ ಸೋರಿದರೆ ತಾನೇ ಆಫ್ ಆಗುವ ಆರ್‌ಸಿಸಿಬಿ ಸ್ವಿಚ್ ಇದ್ದಿದ್ದರೆ ಇವರಿಗೆ ಇಷ್ಟು ಹೊಡೆಯುತ್ತಿರಲಿಲ್ಲ ಅಲ್ವಾ? ಮನೆಯದು 30 ಮಿಲಿಆಂಪಿಯರ್‌ಗೆ ಬೀಳುತ್ತದೆ.

ಐಟಿಐ_ಮೇಷ್ಟ್ರು:
ಇದ್ದರೆ ಬಹಳ ಒಳ್ಳೆಯದು, ಎಲ್ಲರೂ ಹಾಕಿಸಿ. ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ ಬೀಳುತ್ತದೆಯೇ ನೋಡಿ. ಆದರೆ ಮೇನ್‌ನಲ್ಲಿ ಹಾಕಿದ ಆರ್‌ಸಿಸಿಬಿ, ಕರೆಂಟ್ ಹೋಗಿ ಇನ್ವರ್ಟರ್ ಬ್ಯಾಟರಿಯಿಂದ ಕೊಡುವಾಗ ಕಾಪಾಡುತ್ತದೆ ಅಂತ ನಂಬಲಾಗುವುದಿಲ್ಲ. ಇನ್ವರ್ಟರ್ ಔಟ್‌ಪುಟ್‌ಗೆ ಬೇರೆ ಹಾಕಿಸಬೇಕು. ಮತ್ತೆ ಒಂದು ಕೈಯಲ್ಲಿ ಫೇಸ್, ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ಹಿಡಿದರೆ ಅದಕ್ಕೆ ನೀವು ಒಂದು ಬಲ್ಬ್ ಇದ್ದ ಹಾಗೆ. ಬೀಳುವುದಿಲ್ಲ.

ಬಾಡಿಗೆಮನೆ_ಕುವೆಂಪುನಗರ:
ಮೂರು ದಿನದ ನಂತರ ಬರೆಯುತ್ತಿದ್ದೇನೆ. ಎಲೆಕ್ಟ್ರಿಷಿಯನ್ ಬಂದು ನೋಡಿದರು. ಮೇಷ್ಟ್ರು ಹೇಳಿದ್ದೇ ಸರಿ. ಆ ಬೋರ್ಡಿಗೆ ಎರಡು ಫೇಸ್ ಬಂದಿದೆ, ಒಂದು ಹಾಲ್ ಎಂಸಿಬಿಯದು, ಇನ್ನೊಂದು ಇನ್ವರ್ಟರ್‌ನದು. ಎರಡೂ ಕೆಂಪು ವೈರ್. ಇನ್ವರ್ಟರ್ ವೈರ್‌ಗೆ ಈಗ ಹಳದಿ ಟೇಪ್ ಸುತ್ತಿಸಿದ್ದೇನೆ. ಬೋರ್ಡ್ ಮುಚ್ಚಳದ ಮೇಲೆ 'ಇನ್ವರ್ಟರ್ ಫೇಸ್ ಇದೆ, ಎರಡೂ ಆಫ್ ಮಾಡಿ' ಅಂತ ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದೇನೆ. ಬಾಡಿಗೆ ಮನೆ, ನನ್ನ ನಂತರ ಬರುವವರಿಗೂ ಗೊತ್ತಾಗಬೇಕು. ಓನರ್‌ಗೂ ತೋರಿಸಿದೆ, ಅವರ ಮನೆಯ ಬೋರ್ಡೂ ಹೀಗೇ ಇದೆಯಂತೆ.

ವೈರ್‌ಮನ್_ಮಂಡ್ಯ ಅಣ್ಣನ ಮಾತನ್ನೂ ಪರೀಕ್ಷೆ ಮಾಡಿದೆ. ಅಡುಗೆಮನೆ ಸಾಕೆಟ್‌ಗೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಟೆಸ್ಟರ್ ಇಟ್ಟರೆ ಚೆನ್ನಾಗಿ ಉರಿಯಿತು. ಅದೇ ಕುರ್ಚಿ ಮೇಲೆ ಚಪ್ಪಲಿ ಹಾಕಿ ಇಟ್ಟರೆ, ಕಿಟಕಿ ತೆರೆದಿದ್ದಾಗ ಏನೂ ಕಾಣಲಿಲ್ಲ. ಕಿಟಕಿ ಮುಚ್ಚಿದ ಮೇಲೆ ಒಂದು ಸಣ್ಣ ಕೆಂಪು ಚುಕ್ಕೆ ಕಂಡಿತು.

ವೈರ್‌ಮನ್_ಮಂಡ್ಯ:
ಆ ಚುಕ್ಕೆ ನೋಡಿಕೊಂಡಿರಲ್ಲ, ಸಾಕು. ರೆಗ್ಯುಲೇಟರ್ ಹಾಕಿದಿರಾ?

ಬಾಡಿಗೆಮನೆ_ಕುವೆಂಪುನಗರ:
ಎಲೆಕ್ಟ್ರಿಷಿಯನ್ನೇ ಹಾಕಿದರು. ಫ್ಯಾನ್ ತಿರುಗುತ್ತಿದೆ ಅಣ್ಣ.